ಹನ್ನೊಂದನೇ ನಂಬರಿನ ಗಡಿಯಾರ

“ಎಂಟನೇ ಕ್ಲಾಸು ದಾಟೋಕಾಗದೆ ಓಡಿಬಂದವನ ಕೈಗೆ ಗಡಿಯಾರ ಕೊಡಿಸಿದ್ದು ನನ್ನ ಬುದ್ಧಿಗೇಡಿತನ! ಗಂಟೆಗೆ ಎಷ್ಟು ನಿಮಿಷ ಅಂತ ಕೇಳಿ ಇವನನ್ನ. ಬೆರಳು ಮಡಿಸಿ ಎಣಿಸ್ತಾನೆ, ನೋಡ್ತಾ ಇರಿ!”

ಈ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ಚಿಮಟ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿಬಿಡುತ್ತಿದ್ದ. ಆದರೆ ಹೇಳಿದ್ದು ಅವನ ಸ್ವಂತ ಭಾವ, ಅಕ್ಕನ ಗಂಡ. ಹೇಳಿದ್ದು ಎಲ್ಲೋ ಮನೆಯ ಮೂಲೆಯಲ್ಲೂ ಅಲ್ಲ, ಚೆಸ್ ಕ್ಲಬ್ಬಿನ ದೊಡ್ಡ ಹಾಲ್‌ನಲ್ಲಿ, ನಲವತ್ತು ಜನ ಆಟಗಾರರು ತಲೆ ಎತ್ತಿ ನೋಡುತ್ತಿರುವಾಗ. ಹಿಂದಿನ ಸಾಲಿನಿಂದ ಯಾರೋ, “ಅರವತ್ತು ಅಂದ್ಬಿಡಪ್ಪಾ, ಗೆಲುವಿನ ಕಪ್ ನಿನಗೇ ಕೊಡ್ತಾರೆ!” ಎಂದ. ಇಡೀ ಹಾಲ್ ಗೊಳ್ಳೆಂದಿತು.

ಚಿಮಟ ಎಂದರೆ ಗಡಿಯಾರ ರಿಪೇರಿಯವನು. ಇಪ್ಪತ್ಮೂರು ವರ್ಷ, ಕಡ್ಡಿಯಂಥ ಮೈ, ಅಂಗಿಯ ಜೇಬಿನಲ್ಲಿ ಸದಾ ಒಂದು ಚಿಮಟ. ನಾಲಿಗೆಯೂ ಅಂಥದೇ, ಹಿಡಿದರೆ ಚರ್ಮ ಕಿತ್ತುಕೊಂಡೇ ಬರಬೇಕು. ಕ್ಲಬ್ಬಿನ ಇಪ್ಪತ್ತು ಹಳೇ ಮರದ ಗಡಿಯಾರಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಹೊಂದಿಸಿ ಕೊಟ್ಟವನು ಅವನು. ಆ ಕೆಲಸ ಕೊಡಿಸಿದವರು ಇದೇ ಭಾವ. “ನನ್ನ ಭಾವಮೈದುನನ ಕೈ ಬಂಗಾರ” ಎಂದು ಮೂರು ತಿಂಗಳ ಹಿಂದೆ ಇದೇ ಹಾಲ್‌ನಲ್ಲಿ, ಇದೇ ಜನರ ಮುಂದೆ ಎದೆ ತಟ್ಟಿ ಹೇಳಿದ್ದರು.

ಚೆಸ್ ಗಡಿಯಾರ ನೋಡದವರಿಗೆ ಒಂದು ಮಾತು ಹೇಳಬೇಕು. ಪೆಟ್ಟಿಗೆ ಒಂದೇ, ಮುಖ ಎರಡು. ನೆತ್ತಿಯ ಮೇಲೆ ಎರಡು ಗುಂಡಿ, ಅವುಗಳ ನಡುವೆ ತಕ್ಕಡಿಯ ದಂಡಿಗೆಯಂಥ ಒಂದು ಅಡ್ಡಪಟ್ಟಿ. ನೀನು ಕಾಯಿ ನಡೆಸಿ ನಿನ್ನ ಗುಂಡಿ ಒತ್ತಿದೆಯೋ, ನಿನ್ನ ಕಡೆಯ ಗಡಿಯಾರದ ಉಸಿರು ಕಟ್ಟುತ್ತದೆ, ಎದುರಾಳಿಯದು ಓಡತೊಡಗುತ್ತದೆ. ಅವನು ಒತ್ತಿದರೆ ಅವನದು ನಿಂತು ನಿನ್ನದು ಓಡುತ್ತದೆ. ಒಬ್ಬೊಬ್ಬರಿಗೆ ಎರಡು ಗಂಟೆ. ಮುಳ್ಳುಗಳನ್ನು ಹತ್ತಕ್ಕೆ ಇಟ್ಟು ಶುರುಮಾಡಿದರೆ ಹನ್ನೆರಡಕ್ಕೆ ನಿನ್ನ ಲೆಕ್ಕ ಮುಗಿಯಿತು. ಹನ್ನೆರಡರ ಅಂಕೆಯ ಪಕ್ಕದಲ್ಲಿ ಉಗುರಿನಷ್ಟು ಕೆಂಪು ಬಾವುಟ ತೂಗುಬಿದ್ದಿರುತ್ತದೆ. ಕೊನೆಯ ಎರಡು ಮೂರು ನಿಮಿಷದಲ್ಲಿ ದೊಡ್ಡ ಮುಳ್ಳು ಅದರ ಕೆಳಗೆ ನುಗ್ಗಿ ಮೆಲ್ಲಗೆ ಮೇಲೆತ್ತುತ್ತದೆ. ಹನ್ನೆರಡು ಮುಟ್ಟಿದೊಡನೆ ಕೈಬಿಡುತ್ತದೆ. ಬಾವುಟ ಬಿತ್ತು ಅಂದರೆ ನೀನು ಹೋದೆ. ಮಣೆಯ ಮೇಲೆ ಎದುರಾಳಿಯ ರಾಜ ಮೂಲೆಗೆ ಸಿಕ್ಕಿ ಬೆವರುತ್ತಿದ್ದರೂ ಯಾರೂ ಕ್ಯಾರೇ ಎನ್ನುವುದಿಲ್ಲ.

ಭಾವನಿಗೆ ಆಗಿದ್ದು ಅದೇ. ಕೊನೆಯ ಸುತ್ತು, ಎದುರಿಗೆ ಒಬ್ಬ ಬ್ಯಾಂಕಿನವನು. ಇನ್ನೆರಡು ನಡೆಯಲ್ಲಿ ಬ್ಯಾಂಕಿನವನ ರಾಜ ಸತ್ತ ಎಂಬುದು ಸುತ್ತ ನಿಂತವರಿಗೆಲ್ಲ ಕಾಣುತ್ತಿತ್ತು. ಭಾವ ಆನೆಯನ್ನು ಎತ್ತಿ, ಇಡುವ ಮನೆಯ ಮೇಲೆ ಹಿಡಿದು, ಇನ್ನೊಮ್ಮೆ ನೋಡಿದರು. ಹಾಗೆ ಇನ್ನೊಮ್ಮೆ ನೋಡುವುದು ಅವರ ಹುಟ್ಟುಗುಣ. ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು ಅದು, ಒಂದೇ ಸಲ ನೋಡಿ ಬಿಡುವುದು ಗೊತ್ತಿಲ್ಲ. ಕ್ಲಬ್ಬಿನವರು ಅವರಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಆನೆ ಗಾಳಿಯಲ್ಲಿರುವಾಗಲೇ ಟಪ್ಪೆಂದಿತು. ಬ್ಯಾಂಕಿನವನು ಬೆರಳು ತೋರಿಸಿ ಒಂದೇ ಮಾತು ಹೇಳಿದ: “ಬಾವುಟ.”

ಬರೀ ಬಹುಮಾನದ ಕಪ್‌ನ ಮಾತಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಊರಿನ ಶಾಲೆಗಳಿಗೆಲ್ಲ ಸೇರಿ ಒಬ್ಬ ಚೆಸ್ ಮೇಷ್ಟ್ರು ಬೇಕಾಗಿತ್ತು. ಈ ಪಂದ್ಯಾವಳಿ ಗೆದ್ದವರಿಗೆ ಆ ಕೆಲಸ, ಜೊತೆಗೆ ಎರಡು ಕೋಣೆಯ ಕ್ವಾರ್ಟರ್ಸ್ ಎಂದು ಬೋರ್ಡಿಗೆ ಚೀಟಿ ಹಚ್ಚಿದ್ದರು. ಭಾವನ ಅಚ್ಚುಕೂಟ ಮುಚ್ಚಿ ಎಂಟು ತಿಂಗಳು. ಅಂದಿನಿಂದ ಅಕ್ಕ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಭಾವ, ಅಕ್ಕ, ಚಿಮಟ ಮೂವರೂ ರಿಪೇರಿ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ, ನಡುವೆ ಒಂದು ಹಾಸಿಗೆ ಚಾದರವನ್ನು ಪರದೆ ಕಟ್ಟಿಕೊಂಡು ಇದ್ದಾರೆ.

ತೀರ್ಪುಗಾರ ನಿವೃತ್ತ ಅಂಚೆ ಮಾಸ್ತರ. ಕನ್ನಡಕದ ಮೇಲಿಂದ ನೋಡುತ್ತ ಕೇಳಿದ: “ದೂರು ಇದ್ರೆ ಬರೆದುಕೊಡಿ. ಐದು ಗಂಟೆಗೆ ಫಲಿತಾಂಶ ಹಚ್ತೀನಿ. ಇಲ್ಲಾಂದ್ರೆ ಸಹಿ ಹಾಕಿ.”

“ಯಾರ ಮೇಲೆ ಬರೀಲಿ ಸ್ವಾಮಿ? ಅನ್ನ ತಿನ್ನೋ ಮನೆಯವನ ಮೇಲಾ?” ಎಂದರು ಭಾವ. ಪೆನ್ನು ಕಿತ್ತುಕೊಂಡು ಕಾಗದ ಹರಿಯುವ ಹಾಗೆ ಸಹಿ ಹಾಕಿದರು. ಆಮೇಲೆ ಚಿಮಟನ ಕಡೆ ತಿರುಗಿ, “ನನ್ನ ಬಾವುಟ ಬೇಗ ಬಿತ್ತು ಕಣೋ. ನನಗೆ ಗೊತ್ತು. ಎರಡು ಗಂಟೆ ಅಂದ್ರೆ ಎಷ್ಟಿರುತ್ತೆ ಅಂತ ನನ್ನ ಮೈಗೆ ಗೊತ್ತು” ಎಂದು ಹೊರಟೇಹೋದರು.

ಚಿಮಟನ ಕಿವಿ ಕಾದ ಹೆಂಚಾಗಿತ್ತು. ಅವನು ಸೀದಾ ತೀರ್ಪುಗಾರನ ಮೇಜಿಗೆ ಹೋದ.

“ಆ ಗಡಿಯಾರ ಕೊಡಿ. ಹನ್ನೊಂದನೇ ನಂಬರು.”

“ಯಾಕಪ್ಪಾ?”

“ಪರೀಕ್ಷೆ ಮಾಡಿ ತರ್ತೀನಿ. ಐದರೊಳಗೆ ತರ್ತೀನಿ. ಸರಿಯಾಗಿದೆ ಅಂತ ಇದೇ ಜನದ ಮುಂದೆ ನೀವೇ ಹೇಳ್ಬೇಕು. ಆಗ ನಗಲಿ ನೋಡೋಣ ಈ ಹಲ್ಲುಗಳು.”

ಅಂಚೆ ಮಾಸ್ತರ ಭುಜ ಹಾರಿಸಿ ಕೊಟ್ಟ.

ಅಂಗಡಿ ಎರಡು ಬೀದಿ ಆಚೆ. ಅಂಗಡಿಯ ಮೇಲಿನ ಮಹಡಿಯೇ ಅಕ್ಕನ ಹೊಲಿಗೆ ಕಾರ್ಖಾನೆ. ಅಲ್ಲಿ ಮೂವತ್ತು ಮಿಷನ್ನು ಒಟ್ಟಿಗೆ ಓಡಿದರೆ ಕೆಳಗೆ ಚಾವಣಿಯಿಂದ ಸುಣ್ಣ ಉದುರುತ್ತದೆ, ಗೋಡೆಯ ಕಪಾಟು ಹಲ್ಲು ಕಡಿಯುತ್ತದೆ. ಚಿಮಟ ಗಡಿಯಾರವನ್ನು ಮೇಜಿನ ಮೇಲಿಟ್ಟು ನೆತ್ತಿಯ ಅಡ್ಡಪಟ್ಟಿ ಬಿಚ್ಚಿದ. ಆಟದಲ್ಲಿ ಒಂದು ಓಡಿದರೆ ಒಂದು ನಿಲ್ಲಬೇಕು. ಪರೀಕ್ಷೆಯಲ್ಲಿ ಎರಡೂ ಒಟ್ಟಿಗೆ ಓಡಬೇಕು, ಅದಕ್ಕೆ. ಎರಡೂ ಮುಖದ ಮುಳ್ಳನ್ನು ಹತ್ತಕ್ಕೆ ತಂದು, ತನ್ನ ರೂಢಿಯಂತೆ ಗಡಿಯಾರವನ್ನು ಬೆನ್ನಿನ ಮೇಲೆ ಮಲಗಿಸಿ ಬಿಟ್ಟ. ಆಗ ಹನ್ನೆರಡೂವರೆ.

ಚೆಸ್ ಗಡಿಯಾರದ ಮರ್ಮ ಅವನಿಗೆ ಗೊತ್ತಿತ್ತು. ಅದು ಲೋಕದ ಸಮಯಕ್ಕೆ ಸರಿಯಾಗಿ ನಡೆಯಬೇಕಾಗಿಲ್ಲ. ಎರಡು ಗಂಟೆ ಅನ್ನುವುದು ಒಂದು ನಿಮಿಷ ಹೆಚ್ಚಾಗಲಿ ಕಡಿಮೆಯಾಗಲಿ, ಇಬ್ಬರಿಗೂ ಒಂದೇ ಆಗಿರಬೇಕು ಅಷ್ಟೆ. ಎರಡು ಮುಖಗಳು ಒಂದಕ್ಕೊಂದು ಮೋಸ ಮಾಡಬಾರದು. ಮೂರು ತಿಂಗಳು ಕೂತು ಅವನು ಮಾಡಿದ್ದು ಇದನ್ನೇ. ಇಪ್ಪತ್ತು ಪೆಟ್ಟಿಗೆ, ನಲವತ್ತು ಮುಖ. ಪ್ರತಿಯೊಂದು ಜೋಡಿಯನ್ನೂ ಮಲಗಿಸಿ, ಓಡಿಸಿ, ಹೆಚ್ಚು ಓಡಿದ್ದರ ಕಿವಿ ಹಿಂಡಿ, ಹಿಂದೆ ಬಿದ್ದಿದ್ದರ ಬೆನ್ನು ತಟ್ಟಿ ಸಮ ಮಾಡಿದ್ದ. ಇದಕ್ಕೆ ಯಾವ ಎಂಟನೇ ಕ್ಲಾಸು ಬೇಕು? ಶಾಲೆಯಲ್ಲಿ ಕೂತು ಪಾಸಾದ ಆ ನಲವತ್ತು ಜನರಲ್ಲಿ ಒಬ್ಬನಾದರೂ ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಎತ್ತಿದ್ದಾನಾ? ನಗೋದಕ್ಕೆ ಮಾತ್ರ ಬರುತ್ತೆ ನನ್ಮಕ್ಕಳಿಗೆ.

ಎರಡೂವರೆಗೆ ಎಡದ ಬಾವುಟ ಬಿತ್ತು. ಅದರ ಸದ್ದು ಆರುವ ಮೊದಲೇ ಬಲದ್ದೂ ಬಿತ್ತು. ಎರಡು ಸೆಕೆಂಡು ಕೂಡ ಅಂತರವಿಲ್ಲ.

ಚಿಮಟ ಮೇಜು ಗುದ್ದಿ ಎದ್ದು ನಿಂತ. “ಹೇಳ್ರೋ ಈಗ!” ಎಂದು ಖಾಲಿ ಅಂಗಡಿಗೆ ಕೂಗಿದ.

“ಯಾರಿಗೋ ಅದು ಮರ್ಯಾದೆ?” ಬಾಗಿಲಲ್ಲಿ ಅಕ್ಕ. ಊಟದ ಬಿಡುವು. ಎರಡು ಲೋಟ ಟೀ ಹಿಡಿದುಕೊಂಡು, ತಲೆಯ ತುಂಬ ನೂಲಿನ ಚೂರು ಅಂಟಿಸಿಕೊಂಡು ನಿಂತಿದ್ದಳು. ಕಣ್ಣು ಕೆಂಪಗಿದ್ದವು. ಅದು ಅಳುವಿನ ಕೆಂಪಲ್ಲ, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹಾಕಿ ಬಂದದ್ದು. ತಿಂಗಳಿಂದ ಎದುರು ಬಂದವರ ಮುಖ ಮಸುಕಾಗಿ ಕಾಣುತ್ತಿದೆ ಎನ್ನುತ್ತಿದ್ದಳು. ಇವರಿಗೆ ಕೆಲಸ ಸಿಕ್ಕ ದಿನವೇ ಮಿಷನ್ನಿಗೆ ಕೈ ಮುಗಿದು ಇಳಿದುಬಿಡ್ತೀನಿ ಎಂದೂ ಹೇಳಿದ್ದಳು.

“ಸೋತ್ರಂತೆ,” ಎಂದಳು.

“ಯಾರು ಹೇಳಿದ್ರು?”

“ಕೆಟ್ಟ ಸುದ್ದಿಗೆ ಕಾಲು ಬೇಕಾ? ಗುಂಡಿ ಕಟ್ಟೋಳ ಗಂಡ ಅಲ್ಲೇ ಇದ್ನಂತೆ.” ಅವಳು ಲೋಟ ಇಡಲು ಮೇಜಿನ ಮೇಲೆ ಜಾಗ ಹುಡುಕಿದಳು. “ನಿನಗೂ ಏನೋ ಅಂದ್ರಂತಲ್ಲ.”

“ಏನೋ ಅಲ್ಲ ಅಕ್ಕಾ. ಎಲ್ಲಾರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿದ್ರು. ಗಡಿಯಾರ ತಪ್ಪಂತೆ. ನೋಡಿಲ್ಲಿ! ಎರಡು ಗಂಟೆ ಓಡಿಸಿದೀನಿ. ಎರಡೂ ಒಟ್ಟಿಗೆ ಬಿದ್ವು. ಅವರ ಕೈ ಆಮೆ, ಅದಕ್ಕೆ ನಾನೇನು ಮಾಡ್ಲಿ?”

“ಆಮೆ ಅಲ್ಲ ಬಿಡು, ಆಮೆ ಮೊಟ್ಟೆ.” ಅಕ್ಕ ನಕ್ಕಳು. “ನನ್ನ ನೋಡೋಕೆ ಬಂದಾಗ ಹುಡುಗಿ ಒಪ್ಪಿಗೇನಾ ಅಂತ ಅಪ್ಪ ಕೇಳಿದ್ರು. ಈ ಮನುಷ್ಯ ಎಷ್ಟು ಹೊತ್ತು ಸುಮ್ನೆ ಕೂತಿದ್ರು ಅಂದ್ರೆ, ಅಮ್ಮ ಇನ್ನೊಂದು ಸಲ ಟೀಗೆ ನೀರಿಟ್ಳು.” ನಗು ಅಲ್ಲಿಗೇ ಬತ್ತಿತು. “ಎಷ್ಟೋ ವರ್ಷಕ್ಕೆ ಮೊನ್ನೆ ನಿದ್ದೇಲಿ ಮಾತಾಡಿದ್ರು ಕಣೋ. ಕ್ವಾರ್ಟರ್ಸ್ ಕಿಟಕಿಗೆ ಯಾವ ಬಣ್ಣದ ಪರದೆ ಅಂತ.”

ಹಾಗೆ ಹೇಳುತ್ತ ಅವಳು ಬೆನ್ನಿನ ಮೇಲೆ ಮಲಗಿದ್ದ ಗಡಿಯಾರವನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಮೇಜಿನಲ್ಲಿ ಜಾಗ ಮಾಡಿಕೊಂಡು ಟೀ ಇಟ್ಟಳು.

“ತಡಿ, ಇನ್ನೊಂದು ಸಲ ಓಡಿಸ್ತೀನಿ,” ಎಂದ ಚಿಮಟ. “ಎರಡು ಸಲ ನೋಡಿದೀನಿ ಅಂತ ಹೇಳೋಕಾಗಬೇಕು. ನಿನ್ನ ಗಂಡನ ಥರ.” ಮುಳ್ಳುಗಳನ್ನು ಮತ್ತೆ ಹತ್ತಕ್ಕೆ ತಂದು, ನಿಂತಿದ್ದ ಹಾಗೇ ಓಡಿಸಿಬಿಟ್ಟ. ಅಕ್ಕ ಟೀ ಮುಗಿಸಿ ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಚಾವಣಿ ನಡುಗತೊಡಗಿತು.

ನಾಲ್ಕೂವರೆ ಆಗತಾನೇ ದಾಟಿತ್ತು, ಎರಡು ಗಂಟೆಯ ಓಟ ಮುಗಿಯಲು ಇನ್ನೂ ಒಂದೂವರೆ ನಿಮಿಷ ಬಾಕಿ ಇತ್ತು. ಚಿಮಟ ಅಂಗಿ ಬದಲಿಸಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಳ್ಳುತ್ತಿದ್ದ. ಹಾಲ್‌ನಲ್ಲಿ ಏನೇನು ಹೇಳಬೇಕು ಎಂದು ತುಟಿಯಲ್ಲೇ ಜೋಡಿಸುತ್ತಿದ್ದ. ಬೆನ್ನ ಹಿಂದೆ ಟಪ್ಪೆಂದಿತು.

ತಿರುಗಿ ನೋಡಿದ. ಎಡದ ಬಾವುಟ ಬಿದ್ದಿತ್ತು. ಬಲದ್ದು ಮುಳ್ಳಿನ ಹೆಗಲ ಮೇಲೆ ಇನ್ನೂ ಎತ್ತಿಕೊಂಡೇ ನಿಂತಿತ್ತು. ಅವನು ಬಾಚಣಿಗೆ ಹಿಡಿದುಕೊಂಡೇ ಕಾದ. ಬಲದ್ದು ಬೀಳಲಿಲ್ಲ. ಮೇಲೆ ಮಿಷನ್ನುಗಳು ಓಡುತ್ತಲೇ ಇದ್ದವು, ಅದು ಬೀಳಲಿಲ್ಲ. ಕೊನೆಗೆ ಬಿದ್ದಾಗ ಗೋಡೆಯ ಗಡಿಯಾರ ನೋಡಿದ. ಒಂದೂವರೆ ನಿಮಿಷ.

ಭಾವ ಕೂತಿದ್ದು ಎಡದ ಮುಖದ ಕಡೆಗೆ.

ಮೊದಲು ಅವನಿಗೆ ಸಿಟ್ಟೇ ಬಂತು. ಗಡಿಯಾರದ ಮೇಲೆ, ಮಿಷನ್ನುಗಳ ಮೇಲೆ, ಅದನ್ನು ಎತ್ತಿ ನಿಲ್ಲಿಸಿದ ಅಕ್ಕನ ಮೇಲೆ. ಆಮೇಲೆ ಕೈ ತಾನಾಗಿ ಕೆಲಸಕ್ಕೆ ಹೋಯಿತು. ಬೆನ್ನಿನ ತಗಡು ತೆಗೆದು, ಎಡಗಡೆಯ ಯಂತ್ರದಿಂದ ತೂಗಾಡುವ ಚಕ್ರವನ್ನು ಬಿಡಿಸಿ, ಅದರ ಸ್ಪ್ರಿಂಗನ್ನು ಕಳಚಿ, ಚಕ್ರದ ಅಚ್ಚನ್ನು ಎರಡು ಬ್ಲೇಡಿನ ಅಂಚಿನ ಮೇಲೆ ಅಡ್ಡ ಇಟ್ಟ. ಚಕ್ರ ಮೆಲ್ಲಗೆ ಉರುಳಿತು, ಒಂದು ಕಡೆ ಭಾರವಾಗಿ ಬಾಗಿ ನಿಂತಿತು. ಬೆರಳಿನಿಂದ ತಿರುಗಿಸಿದ. ಮತ್ತೆ ಅದೇ ಕಡೆ ಕೆಳಗೆ ಬಂದು ನಿಂತಿತು. ಅಂಚಿನಲ್ಲಿ ಸಾಸಿವೆಯ ಕಾಲುಭಾಗದಷ್ಟು ಬೆಸುಗೆಯ ಚುಕ್ಕೆ ಹೊಳೆಯುತ್ತಿತ್ತು.

ಆ ಚುಕ್ಕೆ ಇಟ್ಟವನು ಅವನೇ. ಎಡದ ಮುಖ ಸ್ವಲ್ಪ ಜೋರಾಗಿ ಓಡುತ್ತಿತ್ತು. ವೇಗ ತಿದ್ದುವ ಸಣ್ಣ ಹಿಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಬಗ್ಗಲಿಲ್ಲ. ಚಕ್ರಕ್ಕೆ ತೂಕ ಕೊಟ್ಟರೆ ನಿಧಾನವಾಗುತ್ತದೆ ಎಂದು ಒಂದು ಹನಿ ಬೆಸುಗೆ ಇಟ್ಟಿದ್ದ. ಇಟ್ಟ ಮೇಲೆ ಜೋಡಿ ಎಷ್ಟು ಸಮ ಬಂತೆಂದರೆ, ಅವತ್ತು ಭಾವನನ್ನು ಕರೆದು ತೋರಿಸಿದ್ದ. ಗಡಿಯಾರ ಮಲಗಿರುವಾಗ ಚಕ್ರ ತಟ್ಟೆಯಂತೆ ಮಲಗಿರುತ್ತದೆ, ಭಾರ ಯಾವ ಕಡೆ ಇದ್ದರೂ ಒಂದೇ. ನೆಟ್ಟಗೆ ನಿಲ್ಲಿಸಿದಾಗ ಚಕ್ರವೂ ಗಾಡಿಯ ಗಾಲಿಯಂತೆ ನೆಟ್ಟಗಾಗುತ್ತದೆ. ಆಗ ಆ ಹನಿ ಪ್ರತಿ ತೂಗಿಗೂ ಕೆಳಗೆ ಕೆಳಗೆ ಎಂದು ಎಳೆದು ಚಕ್ರವನ್ನು ಬೇಗ ಬೇಗ ಹಿಂದಕ್ಕೆ ದಬ್ಬುತ್ತದೆ.

ಮತ್ತೆ ಅವನು ಯಾಕೆ ಇಪ್ಪತ್ತನ್ನೂ ಮಲಗಿಸಿಯೇ ಪರೀಕ್ಷೆ ಮಾಡಿದ? ನಿಲ್ಲಿಸಿದರೆ ಮೇಲಿನ ಮಿಷನ್ನುಗಳ ನಡುಕಕ್ಕೆ ಜಾರಿ ಕಪಾಟಿನಿಂದ ಬೀಳುತ್ತವೆ ಎಂದು. ಕೈಗಡಿಯಾರಗಳನ್ನು ಹಾಗೇ ಮಲಗಿಸಿ ಹೊಂದಿಸಿ ಹತ್ತು ವರ್ಷದ ರೂಢಿ ಎಂದು. ಆಡುವವರು ಯಾರೂ ಗಡಿಯಾರವನ್ನು ಮಲಗಿಸಿಕೊಂಡು ಆಡುವುದಿಲ್ಲ ಎಂಬುದು, ಮೂರು ತಿಂಗಳಲ್ಲಿ ಒಂದು ದಿನ, ಒಂದು ಗಳಿಗೆ, ಅವನ ತಲೆಗೆ ಬರಲಿಲ್ಲ. ಶಾಲೆಯಲ್ಲಿ ಇದನ್ನು ಹೇಳಿಕೊಡುತ್ತಾರೋ ಏನೋ. ಅವನಿಗೆ ಗೊತ್ತಿಲ್ಲ.

ಐದಕ್ಕೆ ಇನ್ನೂ ಹದಿನೈದು ನಿಮಿಷ ಇತ್ತು. ಬಿಚ್ಚಿದ ಚಕ್ರವನ್ನು ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು ಓಡಿದ. ಕ್ಲಬ್ಬಿನ ಮೆಟ್ಟಿಲ ಮೇಲೆ ಯಾರು ಕೂತಿದ್ದಾರೆಂದೂ ನೋಡದೆ ಹತ್ತಿದ.

ಹಾಲ್‌ನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಬಾಗಿಲಲ್ಲೇ ಬ್ಯಾಂಕಿನವನು ಸಿಕ್ಕ. ಸುತ್ತ ನಾಲ್ಕು ಜನ ಕೈ ಕುಲುಕುತ್ತಿದ್ದರು. “ಬಾರಪ್ಪಾ ಚಿಮಟ!” ಎಂದು ಅವನ ಬೆನ್ನು ತಟ್ಟಿದ. “ನಿನ್ನ ಗಡಿಯಾರ ನನ್ನ ಪಾಲಿನ ದೇವರು ಕಣಯ್ಯಾ. ಇನ್ನು ಅರ್ಧ ನಿಮಿಷ ತಡೆದಿದ್ರೆ ನನ್ನ ಕಥೆ ಮುಗೀತಿತ್ತು.” ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಚಿಮಟ ಅವನ ಕೈ ಸರಿಸಿ ಒಳಗೆ ನುಗ್ಗಿದ.

ತೀರ್ಪುಗಾರನ ಮೇಜಿನ ಮೇಲೆ ಬೆಂಕಿಪೊಟ್ಟಣ ತೆರೆದಿಟ್ಟ. ಹೇಳಿದ. ಬೆಸುಗೆ, ಮಲಗಿಸಿದ್ದು, ನಿಲ್ಲಿಸಿದ್ದು, ಒಂದೂವರೆ ನಿಮಿಷ, ಎಲ್ಲ. ತಪ್ಪು ತನ್ನದು ಎಂದು ಬಾಯಿಬಿಟ್ಟು ಹೇಳುವುದು ಅವನ ಜೀವನದಲ್ಲಿ ಅದೇ ಮೊದಲು.

ಅಂಚೆ ಮಾಸ್ತರ ಚಕ್ರವನ್ನು ಬೆಳಕಿಗೆ ಹಿಡಿದು ನೋಡಿದ.

“ನೀನು ಹೇಳೋದು ನಿಜ ಇರಬಹುದಪ್ಪಾ. ಆದ್ರೆ ಗಡಿಯಾರದ ಮೇಲೆ ಅನುಮಾನ ಇದ್ರೆ ಆಟದ ನಡುವೆ ಕೈ ಎತ್ತಬೇಕು. ಬೇರೆ ಗಡಿಯಾರ ಇಡ್ತಿದ್ದೆ. ಆಟ ಮುಗಿದ ಮೇಲಾದ್ರೆ ಸಹಿಗೆ ಮೊದ್ಲು ದೂರು ಬರೀಬೇಕು. ನಾನು ಕೇಳ್ದೆ. ನಲವತ್ತು ಜನದ ಮುಂದೆ ಕೇಳ್ದೆ. ಅವರು ಸಹಿ ಹಾಕಿದ್ರು.”

“ಅವರು ಬರೀದೆ ಇದ್ದದ್ದು ನನ್ನ ಮೇಲೆ ಬರೀಬೇಕಲ್ಲಾ ಅಂತ! ನನ್ನ ಉಳಿಸೋಕೆ!”

“ಗೊತ್ತು.”

“ಗೊತ್ತಿದ್ದೂ ಹಚ್ತೀರಾ ಆ ಕಾಗದಾನ?”

“ಮೂವತ್ತು ವರ್ಷ ಮುದ್ರೆ ಹೊಡ್ದಿದೀನಿ ಕಣೋ. ಮುದ್ರೆ ಬಿದ್ದ ಕಾಗದಾನ ವಾಪಸ್ ಕೊಡಿ ಅಂತ ಅತ್ತವರನ್ನ ಎಷ್ಟು ಜನರನ್ನ ನೋಡಿಲ್ಲ.” ಅವನು ಪೊಟ್ಟಣ ಮುಚ್ಚಿ ಮೆಲ್ಲಗೆ ಚಿಮಟನ ಕಡೆ ಸರಿಸಿದ. “ಅವರು ಹೊರಗೆ ಮೆಟ್ಟಿಲ ಮೇಲೆ ಕೂತಿದಾರೆ. ಮಧ್ಯಾಹ್ನದಿಂದ ಅಲ್ಲೇ. ಹೇಳ್ತೀಯೋ ಬಿಡ್ತೀಯೋ, ನಿನಗೆ ಬಿಟ್ಟಿದ್ದು.”

ಚಿಮಟ ಅವನನ್ನು ಬೈಯಬೇಕೆಂದುಕೊಂಡ. ಬೈಗಳು ಎಲ್ಲ ಇದ್ದವು, ಸಾಲಾಗಿ ನಿಂತಿದ್ದವು. ಯಾವುದೂ ಈ ಮುದುಕನಿಗೆ ಹೊಂದುವುದಿಲ್ಲ, ಎಲ್ಲ ತನಗೊಬ್ಬನಿಗೇ ಹೊಂದುತ್ತವೆ ಎನ್ನಿಸಿ ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡ. ಅಂಚೆ ಮಾಸ್ತರ ಎದ್ದು, ನಾಲ್ಕು ಪಿನ್ನು ಚುಚ್ಚಿ, ಫಲಿತಾಂಶವನ್ನು ಬೋರ್ಡಿಗೆ ಹಚ್ಚಿದ.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಭಾವ ಕೆಳಗಿನ ಮೆಟ್ಟಿಲಲ್ಲಿ ಚಪ್ಪಲಿ ಪಕ್ಕಕ್ಕಿಟ್ಟು ಕೂತಿದ್ದರು. ಚಿಮಟನನ್ನು ನೋಡಿ ಸರಿದು ಜಾಗ ಮಾಡಿದರು. ಅವನು ಕೂರಲಿಲ್ಲ.

“ಸಿಟ್ಟು ಇಳೀಲಿಲ್ವಾ ಇನ್ನೂ?” ಎಂದರು. ದನಿಯಲ್ಲಿ ಬೆಳಗಿನ ಬಿಸಿ ಒಂದಿಷ್ಟೂ ಇರಲಿಲ್ಲ. “ಹೊಡ್ದಿದ್ರೂ ತಡ್ಕೋತಿದ್ದೆ ಕಣೋ. ಎಲ್ಲರ ಮುಂದೆ ಹಾಗನ್ನಬಾರದಿತ್ತು. ನಿಮ್ಮಕ್ಕ ಕೇಳಿದ್ರೆ ನನ್ನ ಚರ್ಮ ಸುಲೀತಾಳೆ.”

ಚಿಮಟ ಜೇಬಿನಲ್ಲಿ ಬೆಂಕಿಪೊಟ್ಟಣವನ್ನು ಬೆರಳಿನಿಂದ ಒತ್ತಿ ಹಿಡಿದ.

“ಒಳಗೆ ಹೋಗಿದ್ದು ಪರೀಕ್ಷೆಯ ಫಲ ಹೇಳೋಕೆ ಅಲ್ವಾ? ಸರಿಯಾಗೇ ಇದ್ದಿರುತ್ತೆ. ನನಗೆ ಗೊತ್ತು. ನೀನು ಮಾಡಿದ ಕೆಲಸ.” ಭಾವ ತಮ್ಮ ಅಂಗೈಗಳನ್ನು ನೋಡಿಕೊಂಡರು. “ಇಲ್ಲಿ ಕೂತು ಯೋಚನೆ ಮಾಡ್ದೆ. ಗಡಿಯಾರ ಸರಿ ಇದ್ರೆ ನನ್ನ ತಲೆ ಹೋಗಿದೆ ಅಂತ ಲೆಕ್ಕ. ಎರಡು ಗಂಟೆ ಎಷ್ಟು ಅಂತ ಮೈಗೆ ಗೊತ್ತಾಗ್ತಿತ್ತು, ಈಗ ಗೊತ್ತಾಗ್ತಿಲ್ಲ ಅಂತ. ಹಾಗಾದ್ರೆ ನಾಳೆಯಿಂದ ಕಾಯಿ ಮುಟ್ಟಲ್ಲ. ಗೋದಾಮಲ್ಲಿ ಕಾವಲಿಗೆ ಜನ ಬೇಕಂತೆ, ಹೋಗಿಬಿಡ್ತೀನಿ. ಗಡಿಯಾರ ತಪ್ಪಿತ್ತು ಅಂದ್ರೆ...” ಅವರು ಮೇಲೆ ನೋಡಿದರು. ಕರಡು ತಿದ್ದುವವರ ಕಣ್ಣು ಅದು, ಎದುರಿಗಿರುವುದನ್ನು ಒಂದೊಂದೇ ಅಕ್ಷರವಾಗಿ ಓದುವ ಕಣ್ಣು. “ಸರಿಯಾಗಿತ್ತು ತಾನೇ? ಹೇಳಪ್ಪಾ. ನಿನ್ನ ಬಾಯಿಂದ ಒಂದು ಮಾತು ಕೇಳಿಬಿಟ್ರೆ ಎದ್ದು ಮನೆಗೆ ಹೋಗ್ತೀನಿ.”

ಹೌದು ಎಂದರೆ ತಲೆ ಹೋಯಿತೆಂದು ನಂಬಿ ಈ ಮನುಷ್ಯ ಕಾಯಿಗಳನ್ನು ಡಬ್ಬಿಗೆ ತುಂಬಿ ಗೋದಾಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಇಲ್ಲ ಎಂದರೆ ಇನ್ನು ಬದುಕಿರುವಷ್ಟು ದಿನ ಆ ಎರಡು ಕೋಣೆ, ಆ ಕಿಟಕಿ, ಅಕ್ಕನ ಕಣ್ಣು ಇವೆಲ್ಲ ಕೈಗೆ ಬಂದಿದ್ದವು, ಹೋದವು, ಕಳೆದವನು ಚಾದರದ ಆಚೆ ಮಲಗಿದ್ದಾನೆ ಎಂದುಕೊಂಡು ಉಸಿರಾಡಬೇಕು.

“ಏನೋ? ಮಾತಾಡೋ,” ಎಂದರು ಭಾವ.

ಚಿಮಟ ಮೆಟ್ಟಿಲಿಳಿದ. ಭಾವನ ಚಪ್ಪಲಿಯನ್ನು ದಾಟಿ, ತಲೆ ತಗ್ಗಿಸಿಕೊಂಡು, ಅಂಗಡಿಯಿರುವ ಬೀದಿಗೆ ತಿರುಗದೆ ನೇರ ನಡೆದುಹೋದ. ಹಿಂದಿನಿಂದ ಮತ್ತೊಮ್ಮೆ ಕರೆದದ್ದು ಕೇಳಿಸಿತು. ನಿಲ್ಲಲಿಲ್ಲ.